ವೀಸಾ ಅರ್ಜಿ ನಮ್ಮ ಹುಡುಗೂರು ತಾವ ತುಂಬಬೇಕು

ವಿಜಯಪುರ, ಬಾಗಲಕೋಟಿ, ಬೆಳಗಾವಿ ಕಡೆ ಡಿಗ್ರಿ ಮುಗಿಸಿದ ಹುಡುಗೂರು ಹೊರದೇಶಕ್ಕ ಕೆಲಸಕ್ಕ ಹೋಗ್ಬೇಕು ಅಂದ್ರ ಮೊದಲ ಕೇಳೂದು ಒಂದ ಮಾತು, ಚಲೋ ಏಜೆಂಟ್ ಯಾರದಾರ. ನಾನು ಜರ್ಮನಿಯ ಸ್ಟುಟ್‌ಗಾರ್ಟ್‌ದಾಗ ಇರೂದ್ರಿಂದ ಅಕ್ಕನ ಮಗ ಕೇಳ್ತಾನ, ಅವನ ದೋಸ್ತರು ಕೇಳ್ತಾರ, ಊರಾಗಿನ ಮಾಸ್ತರ ಮಗಳು ಕೇಳ್ತಾಳ, ಎಲ್ಲಾರದೂ "ಮಾಮಾ, ನಂಬಿಗಸ್ತ ಏಜೆಂಟ್ ಇದ್ರ ನಂಬರ್ ಕಳಸ್ರಿ" ಅನ್ನೂದ. ಯಾವ ವೀಸಾ, ನನ್ನ ಡಿಗ್ರಿ ಅಲ್ಲಿ ನಡೀತೈತೋ ಇಲ್ಲೋ, ಎಷ್ಟು ಪಗಾರ ಇದ್ರ ಕೊಡ್ತಾರ, ಇದನ್ನ ಕೇಳೋರು ಭಾಳ ಕಡಿಮಿ.

ಹುಡುಗೂರನ್ನ ಬೈಯಾಕ ಇದನ್ನ ಬರೀಲಿಕ್ಹತ್ತಿಲ್ಲ. ನಮ್ಮ ಕಡೆ ಕೆಲಸ ಆಗೂ ರೀತಿನ ಹಂಗ ಐತಿ. ಜಾತಿ ಆದಾಯ ಸರ್ಟಿಫಿಕೇಟ್ ಇರಲಿ, ಡ್ರೈವಿಂಗ್ ಲೈಸೆನ್ಸ್ ಇರಲಿ, ಸ್ಕಾಲರ್‌ಶಿಪ್ ಇರಲಿ, ಅಪ್ಪ ಹೋಗ್ತಾನ, ಇಲ್ಲಾ ಕಾಕಾ ಹೋಗ್ತಾನ, ಇಲ್ಲಾ ಆಫೀಸಿನಾಗ ಪರಿಚಯದಾವ್ರು ಒಬ್ಬರು ಇರ್ತಾರ, ಹುಡುಗ ಸಹಿ ಅಷ್ಟ ಮಾಡ್ತಾನ. ಪ್ರೀತಿಯಿಂದನ ಮಾಡ್ತಾರ, ಅವನಿಗೆ ತ್ರಾಸ ಆಗಬಾರದು ಓದಲಿ ಅಂತ. ಆದ್ರ ಇಪ್ಪತ್ತೆರಡು ವರ್ಷಕ್ಕ ಇಂಜಿನಿಯರ್ ಆಗಿ ಹೊರಗ ಬಂದಾಗ ಒಂದ ಒಂದು ಸರ್ಕಾರಿ ಅರ್ಜಿನೂ ಮೊದಲಿಂದ ಕಡೀತನ ಓದಿ ತಾನ ತುಂಬಿದ್ದು ಇರಂಗಿಲ್ಲ, ಮತ್ತ ಅವನ ಬದುಕಿನ ಮೊದಲ ದೊಡ್ಡ ಅರ್ಜಿ ಅಂದ್ರ ಬ್ಯಾರೆ ದೇಶದ ಕೆಲಸದ ವೀಸಾ ಆಗಿರ್ತದ.

ಇಲ್ಲಿ ಜರ್ಮನಿಯಾಗ ಹದಿನೆಂಟು ತುಂಬಿದ ಹುಡುಗ ಹುಡುಗಿ ಕೈಯಾಗ ಒಂದು ದಪ್ಪ ಫೈಲ್ ಇರ್ತದ, ಆರ್ಡನರ್ ಅಂತಾರ. ಬ್ಯಾಂಕಿನ ಪತ್ರ, ಹೆಲ್ತ್ ಇನ್ಶೂರೆನ್ಸ್ ಪತ್ರ, ಟ್ಯಾಕ್ಸ್ ಆಫೀಸಿನ ಪತ್ರ, ಮನಿ ಬಾಡಿಗಿ ಕರಾರು, ಎಲ್ಲಾ ಟಪಾಲಿನಾಗ ಬರ್ತಾವ, ಬಂದ ಕೂಡ್ಲೆ ಎರಡು ತೂತು ಹಾಕಿ ಫೈಲಿಗೆ ಸೇರಸ್ತಾರ. ಹೊಸಾ ಮನಿಗೆ ಹೋದ್ರ ಎರಡು ವಾರದೊಳಗ ಊರ ಆಫೀಸಿನಾಗ ವಿಳಾಸ ನೋಂದಣಿ ಮಾಡಸಬೇಕು, ಅದನ್ನೂ ತಾವ ಹೋಗಿ ಮಾಡ್ತಾರ. ನಮ್ಮ ಬಾಜೂ ಮನಿ ಹುಡುಗಿ ಕಾಲೇಜಿಗೆ ಬ್ಯಾರೆ ಊರಿಗೆ ಹೋಗೂವಾಗ ಅವಳ ತಂದಿ ತಾಯಿ ಒಂದು ಕಾಗದಾನೂ ಮುಟ್ಟಲಿಲ್ಲ, ಅವಳ ಎಲ್ಲಾ ಮಾಡಿದ್ಳು. ನಮಗ ನೋಡಿದ್ರ ಇದು ಕಲ್ಲು ಮನಸ್ಸು ಅನಸ್ತದ, ನನಗೂ ಪೂರ್ತಿ ಒಪ್ಪಿಗಿ ಇಲ್ಲ, ಆದ್ರ ಈ ಒಂದು ವಿಷಯದಾಗ ಅವರ ರೀತಿ ನಮ್ಮದಕ್ಕಿಂತ ಚಲೋ ಐತಿ ಅಂತ ನಾ ಗಟ್ಟಿಯಾಗಿ ಹೇಳ್ತೀನಿ. ಯಾಕಂದ್ರ ವೀಸಾ ಆಫೀಸರ್ ನೋಡೂದು ಕಾಗದ ಅಷ್ಟ, ನಿಮ್ಮ ಕಾಕಾ ಯಾರು ಅನ್ನೂದು ಅಲ್ಲಿ ಲೆಕ್ಕಕ್ಕಿಲ್ಲ.

ಮತ್ತ ಆ ನಿಯಮ ಎಲ್ಲಾ ಬಿಚ್ಚಿ ಇಟ್ಟಾರ, ಗುಟ್ಟು ಅನ್ನೂದು ಏನೂ ಇಲ್ಲ. ಜರ್ಮನಿದ ತಗೋರಿ, 1 ಜೂನ್ 2024ರಿಂದ ಚಾನ್ಸೆನ್‌ಕಾರ್ಟೆ ಅಂತ ಒಂದು ವೀಸಾ ಶುರು ಆಗೇತಿ, ಕೆಲಸ ಕೈಯಾಗ ಇಲ್ಲದಿದ್ರೂ ಒಂದು ವರ್ಷ ಇಲ್ಲಿಗೆ ಬಂದು ಕೆಲಸ ಹುಡುಕಬಹುದು, ಅದರ ಜೋಡಿ ವಾರಕ್ಕ 20 ತಾಸು ಪಾರ್ಟ್ ಟೈಮ್ ದುಡೀಬಹುದು. ನಿಮ್ಮ ಡಿಗ್ರಿ ಜರ್ಮನ್ ಡಿಗ್ರಿಗೆ ಪೂರ್ತಿ ಸಮ ಅಂತ ಆದ್ರ ಪಾಯಿಂಟ್ ಲೆಕ್ಕನ ಬ್ಯಾಡ. ಸಮ ಆಗಲಿಲ್ಲ ಅಂದ್ರ 6 ಪಾಯಿಂಟ್ ಬೇಕು, ಅದರ ಜೋಡಿ ಕಡಿಮಿ ಅಂದ್ರ ಎ1 ಜರ್ಮನ್ ಇಲ್ಲಾ ಬಿ2 ಇಂಗ್ಲಿಷ್ ಇರಬೇಕು. ಇವು ಭಾಷಾ ಮಟ್ಟದ ಹೆಸರು, ಎ1 ಎಲ್ಲಕ್ಕೂ ಕೆಳಗಿಂದು, ಆಮ್ಯಾಲ ಎ2, ಬಿ1, ಬಿ2, ಸಿ1 ಅಂತ ಏರ್ತಾವ. ಈಗ ಮುದ್ದೇಬಿಹಾಳದ ಹುಡುಗ ಒಬ್ಬ ಹೊಸದಾಗಿ ಬಿಇ ಮುಗಿಸ್ಯಾನ, ಡಿಗ್ರಿ ಪೂರ್ತಿ ಸಮ ಅಂತ ಆಗಿಲ್ಲ, ಅನುಭವ ಸೊನ್ನಿ ಅಂತ ಇಟ್ಕೋರಿ. 35ರ ಒಳಗ ವಯಸ್ಸು, 2 ಪಾಯಿಂಟ್. ಇಂಜಿನಿಯರಿಂಗ್ ಜನ ಕಡಿಮಿ ಇರೂ ಉದ್ಯೋಗದ ಪಟ್ಟಿಯಾಗ ಐತಿ, 1 ಪಾಯಿಂಟ್. ಇಂಗ್ಲಿಷ್ ಸಿ1 ಮಟ್ಟದ ಪರೀಕ್ಷೆ ಪಾಸಾದ್ರ ಇನ್ನೊಂದು. ನಾಕು ಆತು. ಉಳಿದ ಎರಡು ಬಿ1 ಜರ್ಮನ್ ಕಲತ್ರ ಬರ್ತಾವ. ಇಂಗ್ಲಿಷ್ ಸಿ1 ಆಗಂಗಿಲ್ಲ ಅಂದ್ರ ಜರ್ಮನ್ ಬಿ2 ಮಾಡಬೇಕು, ಅದಕ್ಕ 3 ಪಾಯಿಂಟ್. ಇಷ್ಟ ಲೆಕ್ಕ. ಇದನ್ನ ಹುಡುಗ ತನ್ನ ಮನಿ ಕಟ್ಟಿ ಮ್ಯಾಲ ಕುಂತು ಹತ್ತು ಮಿನಿಟಿನಾಗ ಮಾಡಬಹುದು, ಇದಕ್ಕ "ಪ್ರೊಫೈಲ್ ಇವ್ಯಾಲ್ಯುವೇಶನ್" ಅಂತ ಹೇಳಿ ಸಾವಿರಗಟ್ಟಲೆ ರೊಕ್ಕ ತಗೊಳ್ಳೋರು ಅದಾರ ಅಂದ್ರ ನನಗ ಹೊಟ್ಟಿ ಉರೀತದ.

ಡಿಗ್ರಿ ಸಮ ಐತೋ ಇಲ್ಲೋ ನೋಡಾಕ ಅನಾಬಿನ್ ಅನ್ನೋ ಜರ್ಮನ್ ಸರ್ಕಾರಿ ಪಟ್ಟಿ ಐತಿ, ಪುಕ್ಕಟೆ. ಅಲ್ಲಿ ಹುಡುಗೂರು ತಮ್ಮ ಕಾಲೇಜಿನ ಹೆಸರು ಹುಡುಕ್ತಾರ, ಸಿಗಂಗಿಲ್ಲ, ಅಂಜ್ತಾರ, ಅಷ್ಟೊತ್ತಿಗೆ ಯಾರೋ "ನಾ ಮಾಡಿಸಿಕೊಡ್ತೀನಿ" ಅಂತ ಬರ್ತಾನ. ಡಿಗ್ರಿ ಕೊಟ್ಟವ್ರು ಯಾರು ನೋಡ್ರಿ. ವಿಟಿಯು ಡಿಗ್ರಿ ಇದ್ರ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಅಂತ ಹುಡುಕಬೇಕು, ಬಿಎ ಬಿಕಾಂ ಬಿಎಸ್ಸಿ ಇದ್ರ ಸರ್ಟಿಫಿಕೇಟ್ ಮ್ಯಾಲ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಇರಬಹುದು, 2010ಕ್ಕಿಂತ ಮೊದಲಿನ ಮಂದಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. ಸಂಸ್ಥೆ ಮುಂದ ಎಚ್ ಪ್ಲಸ್ ಅಂತ, ಅಂದ್ರ ಸಂಸ್ಥೆಗೆ ಮಾನ್ಯತೆ ಐತಿ ಅನ್ನೋ ಗುರುತು, ಇರಬೇಕು, ಆಮ್ಯಾಲ ಡಿಗ್ರಿನೂ ಬ್ಯಾರೆ ನೋಡಬೇಕು. ಪಟ್ಟಿಯಾಗ ಸರಿಯಾಗಿ ಸಿಗಲಿಲ್ಲಂದ್ರ ಜೆಡ್‌ಎಬಿ ಅನ್ನೋ ಆಫೀಸಿಗೆ ಅರ್ಜಿ ಹಾಕಿ ಪ್ರಮಾಣಪತ್ರ ತಗೋಬೇಕು, ಅದನ್ನೂ ನೀವ ಹಾಕಬಹುದು. ನರ್ಸಿಂಗ್ ಮಾಡಿದ ಹುಡುಗ್ಯಾರಿಗೆ ಮಾತ್ರ ದಾರಿ ಬ್ಯಾರೆ, ಅವರಿಗೆ ಲೈಸೆನ್ಸ್ ರೀತಿ ಮಾನ್ಯತೆ ಬೇಕು, ಅದು ಉದ್ದ ಕೆಲಸ.

ಬಿಇ ಮಂದಿಗೆ ನಮ್ಮ ಕಡೆ ಒಂದು ಅನುಕೂಲ ಐತಿ, ಅದನ್ನ ಯಾರೂ ಲೆಕ್ಕಕ್ಕ ಹಿಡಿಯಂಗಿಲ್ಲ. ವಿಟಿಯು ಮುಖ್ಯ ಕಚೇರಿ ಬೆಳಗಾವಿ ಜ್ಞಾನಸಂಗಮದಾಗನ ಐತಿ. ಬೆಂಗಳೂರು ಮಂಗಳೂರು ಹುಡುಗೂರಿಗೆ ಅದು ದೂರದ ಊರು, ನಮಗ ಮನಿ ಬಾಜೂ ಇದ್ದಂಗ, ಡಿಗ್ರಿ ಕಾಗದದ ಕೆಲಸಕ್ಕ ನಾವ ಹೋಗಿ ಬರಬಹುದು.

ಇನ್ನ ರೊಕ್ಕದ ಮಾತು. ಇಲ್ಲೇ ನಮ್ಮ ಮಂದಿ ಭಾಳ ಮೋಸ ಹೋಗೂದು. ಜರ್ಮನಿ ನ್ಯಾಷನಲ್ ವೀಸಾ ಫೀ 75 ಯೂರೋ. ಚಾನ್ಸೆನ್‌ಕಾರ್ಟೆಗೆ ಖರ್ಚಿಗೆ ರೊಕ್ಕ ಐತಿ ಅಂತ ತೋರಸಬೇಕು, 2025ರಾಗ ತಿಂಗಳಿಗೆ 1,091 ಯೂರೋ, ವರ್ಷಕ್ಕ 13,092, ಅಂದ್ರ ಹನ್ನೆರಡು ಲಕ್ಷ ರೂಪಾಯಿ ಮ್ಯಾಲ. ಹೊಲ ಇದ್ದ ಮನಿಗೂ ಇದು ದೊಡ್ಡ ರೊಕ್ಕ. ಆದ್ರ ಇದು ಫೀ ಅಲ್ಲ, ನಿಮ್ಮ ಹೆಸರಿನ ಬ್ಲಾಕ್ಡ್ ಅಕೌಂಟಿನಾಗ ಇರ್ತದ, ಇಲ್ಲಿಗೆ ಬಂದ ಮ್ಯಾಲ ತಿಂಗಳಾ ತಿಂಗಳಾ ನಿಮಗ ವಾಪಸ್ ಸಿಗ್ತದ. ಕೆಲವು ಏಜೆಂಟ್ ಮಂದಿ ಈ ರೊಕ್ಕಾನ, ವೀಸಾ ಫೀನ, ತಮ್ಮ ಚಾರ್ಜನ್ನ ಎಲ್ಲಾ ಕಲಸಿ ಒಂದ ಪ್ಯಾಕೇಜ್ ಅಂತ ಹೇಳ್ತಾರ, ತಂದಿ ಆದಾವ್ರಿಗೆ ಯಾವ ರೊಕ್ಕ ಯಾರ ಕಡೆ ಹೋಗ್ತದ ಅನ್ನೂದ ತಿಳಿಯಂಗಿಲ್ಲ. ಕೆಲಸಾನ ಕೊಡಸ್ತೀನಿ ಅನ್ನೋ ಏಜೆಂಟಿಗೆ ನಮ್ಮ ದೇಶದಾಗ ಕಾಯಿದೆ ಐತಿ, 1983ರ ಎಮಿಗ್ರೇಶನ್ ಕಾಯಿದೆ ಪ್ರಕಾರ ಅವನು ರಜಿಸ್ಟರ್ ಇರಬೇಕು, ಅವನು ತಗೋಬಹುದಾದ ಸರ್ವಿಸ್ ಚಾರ್ಜ್ 30,000 ರೂಪಾಯಿ, ಮ್ಯಾಲ ಜಿಎಸ್‌ಟಿ. ಭಾರತ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ದಾಗ ರಜಿಸ್ಟರ್ ಆದವ್ರ ಪಟ್ಟಿ ಐತಿ. ಮೂರು ಲಕ್ಷ ಕೇಳಿದಾವನ ಮುಂದ ಈ ಪಟ್ಟಿ ತಗದು ನಿಮ್ಮ ಹೆಸರು ಎಲ್ಲೈತ್ರಿ ಅಂತ ಕೇಳೂ ಧೈರ್ಯ ನಮ್ಮ ಹುಡುಗೂರಿಗೆ ಬರಬೇಕು.

ಇದಕ್ಕಿಂತ ಅಂಜಿಕಿ ಬರೂ ಸಂಗತಿ ಸುಳ್ಳು ಅನುಭವ ಪತ್ರ. "ಎರಡು ವರ್ಷ ಎಕ್ಸ್‌ಪೀರಿಯನ್ಸ್ ಹಾಕಿಬಿಡೂಣು, ಯಾರ ನೋಡ್ತಾರ" ಅಂತ ಹೇಳಿ ಪತ್ರ ಮಾಡಿಸಿ ಕೊಡ್ತಾರ. ಅರ್ಜಿ ಅವನು ತುಂಬ್ತಾನ, ಸಹಿ ಹುಡುಗಂದು. ಬ್ರಿಟನ್‌ದಾಗ ಅರ್ಜಿಯೊಳಗ ಮೋಸ ಅಂತ ಸಿಕ್ಕಬಿದ್ರ 10 ವರ್ಷ ಬಾಗಿಲು ಬಂದ್, ಅಮೆರಿಕಾದ ಕಾಯಿದೆಯೊಳಗ ಅದಕ್ಕ ಕಾಲಮಿತಿನ ಇಲ್ಲ. ಏಜೆಂಟ್ ಬ್ಯಾರೆ ಬೋರ್ಡ್ ಹಾಕಿ ಬ್ಯಾರೆ ಗಲ್ಲಿಯಾಗ ಕುಂದರ್ತಾನ, ಹುಡುಗನ ಹೆಸರು ಮಾತ್ರ ಅಲ್ಲಿ ಕಂಪ್ಯೂಟರಿನಾಗ ಉಳೀತದ. ತಾನ ತುಂಬಬೇಕು ಅಂತ ನಾ ಇಷ್ಟು ಹಟ ಹಿಡಿಯೂದು ಇದಕ್ಕ.

ಅಮೆರಿಕಾ ಮಾತು ಬಂತಲ್ಲ, ಎಚ್-1ಬಿ ಅನ್ನೋ ಅಲ್ಲಿಯ ಕೆಲಸದ ವೀಸಾಕ್ಕ ಹುಡುಗ ತಾನ ಅರ್ಜಿ ಹಾಕಾಕ ಬರಂಗಿಲ್ಲ, ಕಂಪನಿ ಹಾಕಬೇಕು. ವರ್ಷಕ್ಕ 65,000 ವೀಸಾ, ಅಮೆರಿಕಾದಾಗನ ಮಾಸ್ಟರ್ಸ್ ಮಾಡಿದವ್ರಿಗೆ ಇನ್ನ 20,000. 2025ರ ಸೆಪ್ಟೆಂಬರ್‌ದಾಗ ಹೊರಗಿಂದ ಬರೂ ಹೊಸಾ ಮಂದಿಗೆ 1,00,000 ಡಾಲರ್ ಶುಲ್ಕ ಅಂತ ಘೋಷಣೆ ಬ್ಯಾರೆ ಆತು, ಹಂಗಾಗಿ ಈಗ ಡಿಗ್ರಿ ಮುಗಿಸಿದ ಹುಡುಗಗ ಊರಾಗಿಂದ ನೇರ ಆ ದಾರಿ ನೆಚ್ಚಿಕೋಬ್ಯಾಡ ಅಂತನ ನಾ ಹೇಳ್ತೀನಿ. ಬ್ರಿಟನ್‌ದು ಯಂಗ್ ಪ್ರೊಫೆಷನಲ್ಸ್ ಸ್ಕೀಮ್ ಐತಿ, 18ರಿಂದ 30 ವರ್ಷದ ಪದವೀಧರರಿಗೆ, ಎರಡು ವರ್ಷ, ಕಂಪನಿ ಪತ್ರ ಬ್ಯಾಡ, 2,530 ಪೌಂಡ್ ಉಳಿತಾಯ ತೋರಸಬೇಕು. ಬ್ಯಾಲಟ್‌ದಾಗ ಹೆಸರು ಎತ್ತತಾರ, ಹೆಸರು ಕೊಡಾಕ ಒಂದು ಪೈಸಾ ಇಲ್ಲ, ಯಾರೂ ಒಳಗಿಂದ ನಿಮ್ಮ ಹೆಸರು ಎತ್ತಿಸಾಕ ಬರಂಗಿಲ್ಲ. ನಮ್ಮ ಕಡೆ ಇದರ ಹೆಸರು ಕೇಳಿದವ್ರ ಕಡಿಮಿ.

ಕಾಗದದ ವಿಷಯ ಇನ್ನಷ್ಟು ಹೇಳಬೇಕು, ಯಾಕಂದ್ರ ನಮ್ಮ ಭಾಗದ ತೊಂದ್ರಿ ಬೆಂಗಳೂರಿನವ್ರಿಗೆ ಇಲ್ಲ. ಮೊದಲ್ನೇದು ಹೆಸರು. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಾಗ ಹೆಸರಿನ ಜೋಡಿ ಒಂದು ಇನಿಶಿಯಲ್, ಆಧಾರಿನಾಗ ಅಪ್ಪನ ಹೆಸರು ಪೂರ್ತಿ, ಡಿಗ್ರಿಯಾಗ ಬಿರಾದಾರ ಇಲ್ಲಾ ಹಿರೇಮಠ ಅಂತ ಅಡ್ಡಹೆಸರು ಸೇರಿರ್ತದ, ಪಾಸ್‌ಪೋರ್ಟಿನಾಗ ಸರ್‌ನೇಮ್ ಕಾಲಮ್ ಖಾಲಿ. ಒಂದ ಹೆಸರಿನ ಪಾಸ್‌ಪೋರ್ಟ್ ಇದ್ರ ಅಮೆರಿಕಾ ವೀಸಾದಾಗ ಹೆಸರಿನ ಜಾಗದಾಗ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ) ಅಂತ ಬರ್ತದ, ಅದು ಬ್ಯಾಂಕ್ ಟಿಕೆಟ್ ಎಲ್ಲಾ ಕಡೆ ಬೆನ್ನು ಹತ್ತತದ. ಅದಕ್ಕ ಹುಬ್ಬಳ್ಳಿ ಪಾಸ್‌ಪೋರ್ಟ್ ಕೇಂದ್ರಕ್ಕ ಹೋಗೂ ಮೊದಲ ಮಾರ್ಕ್ಸ್ ಕಾರ್ಡ್, ಆಧಾರ, ಡಿಗ್ರಿ ಮೂರೂ ಬಾಜೂ ಬಾಜೂ ಇಟ್ಟು ಅಕ್ಷರ ಅಕ್ಷರ ತಾಳಿ ನೋಡ್ರಿ.

ಹುಟ್ಟಿದ ಊರೂ ಹಂಗ. 2014ರ ನವೆಂಬರ್ 1ಕ್ಕ ಬಿಜಾಪುರ ವಿಜಯಪುರ ಆತು, ಬೆಳಗಾಂ ಬೆಳಗಾವಿ ಆತು. ಜನನ ಪ್ರಮಾಣಪತ್ರದಾಗ ಹಳೇ ಹೆಸರು, ಪಾಸ್‌ಪೋರ್ಟಿನಾಗ ಹೊಸಾದು ಇದ್ರ ಹೊರದೇಶದ ಆಫೀಸರ್‌ಗೆ ಎರಡೂ ಒಂದ ಊರು ಅಂತ ಹೆಂಗ ಗೊತ್ತಾಗಬೇಕು, ಅದೂ ಅಲ್ದ ಬಿಜಾಪುರ ಅಂತ ಛತ್ತೀಸಗಢದಾಗೂ ಒಂದು ಜಿಲ್ಲಾ ಐತಿ. ಅರ್ಜಿ ಜೋಡಿ ಎರಡು ಸಾಲು ವಿವರಣೆ ಬರದು ಇಟ್ರ ಸಾಕು, ಆದ್ರ ಅದನ್ನ ಬರೀಬೇಕು ಅಂತ ಹೊಳಿಯೂದು ಅರ್ಜಿ ತಾನ ಓದಿದಾವಗ. ಇನ್ನೊಂದು, ದಯವಿಟ್ಟು ಮಾರ್ಕ್ಸ್ ಕಾರ್ಡ್ ಲ್ಯಾಮಿನೇಶನ್ ಮಾಡಸಬ್ಯಾಡ್ರಿ. ಕಾಗದ ಹಾಳಾಗಬಾರದು ಅಂತ ಅಪ್ಪ ಕಾಳಜಿಯಿಂದ ಮಾಡಿಸಿ ತಿಜೋರಿಯಾಗ ಇಟ್ಟಿರ್ತಾನ, ಅದರ ಹಿಂದ ಅಟೆಸ್ಟೇಶನ್ ಶಿಕ್ಕಾ ಹೊಡಿಯಾಕ ಬರಂಗಿಲ್ಲ ಅಂತ ಆಮ್ಯಾಲ ಗೊತ್ತಾಗ್ತದ.

ಅರ್ಜಿ ಹಾಕೂ ಜಾಗಾನೂ ಮೊದಲ ತಿಳ್ಕೋಬೇಕು. ಬೆಳಗಾವಿ, ಚಿಕ್ಕೋಡಿ ಮಂದಿಗೆ ಪುಣೆ ಹತ್ತರ ಅನಸ್ತದ, ಆದ್ರ ಕರ್ನಾಟಕದಾಗ ಇರೋರಿಗೆ ಜರ್ಮನ್ ಕಾನ್ಸುಲೇಟ್ ಅಂದ್ರ ಬೆಂಗಳೂರು. 2025ರ ಜನವರಿಯಿಂದ ಅರ್ಜಿ, ಕಾಗದ ಎಲ್ಲಾ ಆನ್‌ಲೈನ್‌ದಾಗ ಹಾಕೂ ವ್ಯವಸ್ಥಾ ಆಗೇತಿ, ಆಮ್ಯಾಲ ಬೆರಳಚ್ಚು ಕೊಡಾಕ, ಮೂಲ ಕಾಗದ ತೋರಸಾಕ ಖುದ್ದಾಗಿ ಹೋಗಬೇಕು, ವಿಜಯಪುರ ಬಾಗಲಕೋಟಿಯವ್ರು ಗೋಲಗುಂಬಜ್ ಎಕ್ಸ್‌ಪ್ರೆಸ್ಸಿಗೆ ಹೋಗಿ ಕೆಲಸ ಮುಗಿಸಿ ಬರಬಹುದು.

ಇಲ್ಲಿಯವ್ರ ರೀತಿ ಎಲ್ಲಾ ಬಂಗಾರ ಅಂತ ನಾ ಹೇಳಂಗಿಲ್ಲ. ಬಂದ ಮ್ಯಾಲ ವಾಸದ ಪರವಾನಗಿಗೆ ವಿದೇಶೀಯರ ಆಫೀಸಿನಾಗ ಅಪಾಯಿಂಟ್ಮೆಂಟ್ ಸಿಗೂದು ತಿಂಗಳುಗಟ್ಟಲೆ ಆಗ್ತದ, ಇಮೇಲಿಗೆ ಉತ್ತರ ಬರಂಗಿಲ್ಲ, ಪತ್ರ ಪೂರ್ತಿ ಕಚೇರಿ ಜರ್ಮನ್‌ದಾಗ ಇರ್ತದ. ಅಂಥಾ ಹೊತ್ತಿನಾಗ ಒಬ್ಬಾವನ ಕುಂತು ಅಳೂ ಹುಡುಗೂರನ್ನ ನೋಡೀನಿ. ನಮ್ಮ ಕಡೆ ಇದ್ರ ಮನಿ ಮಂದಿ ಎಲ್ಲಾ ಸುತ್ತ ಕುಂದರ್ತಿದ್ರು, ಒಬ್ಬರು ಚಹಾ ಕೊಡ್ತಿದ್ರು, ಒಬ್ಬರು ಧೈರ್ಯ ಹೇಳ್ತಿದ್ರು. ಆ ಆಸರಾ ಬಿಡಬ್ಯಾಡ್ರಿ ಅಂತನ ನಾ ಹೇಳೂದು. ಭಾವ ಅಕ್ಕ ಇಬ್ಬರಿಗೂ ಅದನ್ನ ಹೇಳೀನಿ, ಮಗನ ಬಾಜೂ ಕುಂದರ್ರಿ, ಬ್ಲಾಕ್ಡ್ ಅಕೌಂಟ್ ರೊಕ್ಕದ ವಿಚಾರ ಕೂಡಿ ಮಾಡ್ರಿ, ಆದ್ರ ಕೀಬೋರ್ಡ್ ಅವನ ಕೈಯಾಗ ಇರಲಿ. ಅಕ್ಕಗ ಮೊದಲ ಸಿಟ್ಟು ಬಂತು, "ಅಂವಗೇನ ತಿಳೀತದ" ಅಂದ್ಳು. ಈಗ ಅನಾಬಿನ್ ಪಟ್ಟಿ ಅಕಿಗೂ ಗೊತ್ತೈತಿ.

ಕೆಲಸ ಸಿಗೂದರ ಬಗ್ಗೆನೂ ನೆಟ್ಟಗ ಹೇಳಬೇಕು. ಓದು ಮುಗಿದು ಮೂರು ವರ್ಷ ಆಗದವ್ರಿಗೆ ಬ್ಲೂ ಕಾರ್ಡಿಗೆ (ಕೆಲಸ ಸಿಕ್ಕ ಪದವೀಧರರಿಗೆ ಕೊಡೂ ವಾಸದ ಪರವಾನಗಿ) ಪಗಾರದ ಮಿತಿ ಕಡಿಮಿ ಇಟ್ಟಾರ, 2025ಕ್ಕ ಅದು ವರ್ಷಕ್ಕ 43,759 ಯೂರೋ ಚಿಲ್ಲರೆ ಇತ್ತು, ಮಾಮೂಲಿಯವ್ರಿಗೆ 48,300. ಭಾರತೀಯ ನುರಿತ ಕೆಲಸಗಾರರಿಗೆ ವರ್ಷದ ವೀಸಾ 20,000ದಿಂದ 90,000ಕ್ಕ ಏರಸ್ತೀವಿ ಅಂತ 2024ರಾಗ ಜರ್ಮನಿ ಹೇಳ್ತು, ಈ ಸುದ್ದಿನ ಬೋರ್ಡಿಗೆ ಹಾಕಿ ವ್ಯಾಪಾರ ಮಾಡೋರು ಅದಾರ. ಆದ್ರ ನಾನಿರೂ ಸ್ಟುಟ್‌ಗಾರ್ಟ್ ಭಾಗ ಕಾರು ಉದ್ದಿಮಿ ಮ್ಯಾಲ ನಿಂತೈತಿ, ಇಲ್ಲಿಯ ಬಾಷ್ ಕಂಪನಿ 2025ರ ಸೆಪ್ಟೆಂಬರ್‌ದಾಗ 13,000 ಕೆಲಸ ಕಡಿಮಿ ಮಾಡ್ತೀವಿ ಅಂತ ಹೇಳೇತಿ. ಮೆಕ್ಯಾನಿಕಲ್ ಹುಡುಗೂರು ಇದನ್ನ ತಿಳ್ಕೊಂಡ ಬರಬೇಕು. ಇಂಗ್ಲಿಷ್ ಒಂದ ಇಟ್ಕೊಂಡು ಬಂದಾವಗ ಈಗ ಭಾಳ ಕಷ್ಟ, ಜರ್ಮನ್ ಬಂದಾವಗ ಸಣ್ಣ ಊರಿನ ಸಣ್ಣ ಕಂಪನಿ ಬಾಗಿಲಾದ್ರೂ ತೆರೀತದ.

ನಮ್ಮ ಮೂರು ಜಿಲ್ಲಾದ ಕಾಲೇಜಿನ ಪ್ಲೇಸ್‌ಮೆಂಟ್ ವಿಭಾಗದಾಗ ಇದ್ದವ್ರಿಗೆ ನನ್ನ ಕೇಳಿಕಿ ಇದ. ಪುಣೆ ಬೆಂಗಳೂರು ಕಂಪನಿ ಕರಸೂದು ಸರಿ, ಅದರ ಜೋಡಿ ಐದನೇ ಸೆಮಿಸ್ಟರಿನಾಗ ಒಂದು ದಿನ ಹುಡುಗೂರು ತಮ್ಮ ಹೆಸರು, ಮಾರ್ಕ್ಸ್ ಕಾರ್ಡ್, ಪಾಸ್‌ಪೋರ್ಟ್ ತಾಳಿ ನೋಡೂ ಹಂಗ ಮಾಡ್ರಿ, ಒಂದು ನಿಜವಾದ ವೀಸಾ ಅರ್ಜಿ ತಾವ ತುಂಬಸ್ರಿ, ಇ-ಮೈಗ್ರೇಟ್ ಪಟ್ಟಿ ತೋರಸ್ರಿ. ಜರ್ಮನಿಗೆ ಬರಬೇಕು ಅನ್ನೋರು ಆಗಲೇ ಎ1 ಶುರು ಮಾಡಲಿ, ಆನ್‌ಲೈನ್‌ದಾಗನ ಕಲೀಬಹುದು, ದಿನಾ ಒಂದು ತಾಸು ಕುಂತ್ರ ಡಿಗ್ರಿ ಕೈಗೆ ಬರೂ ಹೊತ್ತಿಗೆ ಬಿ1 ಪರೀಕ್ಷೆಗೆ ಕೂಡಾಕ ಆಗ್ತದ.