ಸೋಫಾ ನೋಡಿ ಬೋಟ್ ಆರಿಸಿದ್ದು

ಬೋಟ್ ಕೊಳ್ಳಲು ಹೋದವನು ನಾನು ಮೊದಲು ನೋಡಿದ್ದು ಸೋಫಾ. ಆಮೇಲೆ ಬಣ್ಣ. ಆಮೇಲೆ ಕಪ್ ಇಡುವ ತೂತುಗಳನ್ನು ಎಣಿಸಿದೆ, ಎಂಟಿದ್ದವು. ಕರಾವಳಿಯುದ್ದಕ್ಕೂ ಎರಡು ಮೂರು ದಿನ ಸುತ್ತಾಡಲು ಇನ್ನೇನು ಬೇಕು, ಅಲ್ವಾ? ನೀರೊಳಗಿರುವ ಭಾಗ ಹೇಗಿದೆ ಅಂತ ಕೇಳುವುದು ಹೊಳೆಯಲೇ ಇಲ್ಲ.

ಹೆಂಡತಿ ಮಾತ್ರ ನೇರವಾಗಿ ಟಾಯ್ಲೆಟ್‌ಗೆ ಹೋಗಿ, ಬಾಗಿಲು ಹಾಕಿಕೊಂಡು, ಕೂತು ನೋಡಿ ಬಂದಳು. "ರೀ, ಇದರೊಳಗೆ ಒಂದೋ ನಾನಿರಬೇಕು, ಇಲ್ಲಾ ನನ್ನ ಮೊಣಕಾಲಿರಬೇಕು" ಅಂದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಓಡಿಸಿ ನೋಡುವ ದಿನ ಬಂದರಿನೊಳಗೆ ನೀರು ಕನ್ನಡಿಯಂತಿತ್ತು. ಬೋಟ್ ಜಾರಿಕೊಂಡು ಹೋಯಿತು. ಮಾರುವವನು ಅಷ್ಟಕ್ಕೇ ತಿರುಗಿಸಲು ನೋಡಿದ. "ಸಮುದ್ರ ಆ ಕಡೆ ಇದೆ" ಎಂದಳು ಇವಳು. ಬಂದರಿನ ಬಾಯಿ ದಾಟಿದ್ದೇ ತಡ, ಅರ್ಧ ಮೀಟರ್ ಅಲೆಗೇ ಧಡ್ ಧಡ್ ಎಂದು ಬಡಿಯಲು ಶುರುವಾಯಿತು. ತಳ ಹೆಚ್ಚುಕಡಿಮೆ ಚಪ್ಪಟೆ. ಅಂಥದ್ದು ಕಡಿಮೆ ಶಕ್ತಿಯಲ್ಲೇ ನೀರಿನ ಮೇಲೆದ್ದು ಓಡುತ್ತದೆ, ನಿಂತಾಗ ಅಷ್ಟಾಗಿ ಓಲಾಡುವುದಿಲ್ಲ, ಒಪ್ಪಿದೆ. ಆದರೆ ಅಲೆಯನ್ನು ಸೀಳುವುದಿಲ್ಲ, ಅದರ ಮೇಲೆ ಬೀಳುತ್ತದೆ. ನಾನು ಆ ಸೋಫಾದ ಮೇಲೆ ಇದ್ದದ್ದಕ್ಕಿಂತ ಗಾಳಿಯಲ್ಲಿದ್ದದ್ದೇ ಜಾಸ್ತಿ. ಕಪ್ ತೂತಿನಲ್ಲೇ ಇತ್ತು. ಕಾಫಿ ನನ್ನ ಪ್ಯಾಂಟಿನ ಮೇಲಿತ್ತು.

ಎರಡನೆಯದು ಆಳವಾದ 'ವಿ' ಆಕಾರದ ತಳದ್ದು. ಹಿಂತುದಿಯಲ್ಲೂ 20 ಡಿಗ್ರಿಗಿಂತ ಹೆಚ್ಚಿನ ಇಳಿಜಾರು. ಅಲೆಗಳನ್ನು ಚೆನ್ನಾಗಿಯೇ ಕತ್ತರಿಸಿತು. ನಿಲ್ಲಿಸಿದ ಕೂಡಲೇ ತೊಟ್ಟಿಲು! ಎಂಜಿನ್ ಬೇರೆ ಬಕಾಸುರ. ಇಂಧನದಲ್ಲಿ ಒಂದು ಪಾಲು ಹೋಗಲು, ಒಂದು ಪಾಲು ಬರಲು, ಇನ್ನೊಂದು ಆಪತ್ತಿಗೆ ಎನ್ನುವುದು ಬೋಟಿನವರ ಲೆಕ್ಕ. ಆ ಲೆಕ್ಕದಲ್ಲಿ ನಾವು ದೀಪಸ್ತಂಭಕ್ಕೆ ಕೈಬೀಸಿ ವಾಪಸ್ ಬರಬಹುದಿತ್ತು.

ಕೊನೆಗೆ ಕೊಂಡದ್ದು ನೀರನ್ನು ಪಕ್ಕಕ್ಕೆ ಸರಿಸಿಕೊಂಡು ಸಾಗುವ ಡೀಸೆಲ್ ಬೋಟ್. ನೀರಿನ ಗೆರೆಯಲ್ಲಿ ಅಳೆದರೆ 25 ಅಡಿ. ಇಂಥ ಬೋಟಿನ ವೇಗ ಅದರ ಉದ್ದಕ್ಕೆ ಕಟ್ಟುಬಿದ್ದದ್ದು. ನಮ್ಮದಕ್ಕೆ ಸುಮಾರು 6.7 ನಾಟ್, ಅಂದರೆ ಗಂಟೆಗೆ 12 ಕಿಲೋಮೀಟರ್ ಚಿಲ್ಲರೆ. ಎಂಜಿನ್ ಎಷ್ಟೇ ಒದರಿದರೂ ಹಿಂದಿನ ಅಲೆ ದೊಡ್ಡದಾಗುತ್ತದೆ, ಅಷ್ಟೆ. ಮೊನ್ನೆ ದಡದ ರಸ್ತೆಯಲ್ಲಿ ಸೈಕಲ್ ಹುಡುಗನೊಬ್ಬ ನಮ್ಮನ್ನು ದಾಟಿ ಹೋದ. ಸ್ವಲ್ಪ ಹೊತ್ತಿಗೆ ವಾಪಸ್ ಬಂದು, ಕೈಬೀಸಿ, ಮತ್ತೆ ದಾಟಿದ.

ಟಾಯ್ಲೆಟ್‌ನಲ್ಲಿ ಮೊಣಕಾಲಿಗೆ ಧಾರಾಳ ಜಾಗವಿದೆ. ಕಪ್ ಇಡಲು ಒಂದೂ ತೂತಿಲ್ಲ.