ಮನವಿ ಕೊಟ್ಟಾಯ್ತು, ಫೋಟೊ ಬಂತು. ಎಸ್ಟಿಮೇಟ್ ಎಲ್ಲಿ?

ಬೆಳಿಗ್ಗೆಯಿಂದ ಮೂರು ವಾಟ್ಸಾಪ್ ಗುಂಪಿನಲ್ಲಿ ಅದೇ ಫೋಟೊ. ಅಧಿಕಾರಿಯೂ ಸೇರಿ ಏಳು ಜನ ಸಾಲಾಗಿ ನಿಂತಿದ್ದಾರೆ, ಎಲ್ಲರ ಕೈಯೂ ಒಂದೇ ಹಾಳೆಯ ಮೇಲೆ. ಒಂದು ಎ4 ಹಾಳೆ ಹಿಡಿಯೋಕೆ ನಮ್ಮೂರಲ್ಲಿ ಹದಿನಾಲ್ಕು ಕೈ ಬೇಕು. ಕೆಳಗೆ ಒಕ್ಕಣೆ: "ಹಾಸನಕ್ಕೆ ಸೈಕಲ್ ಪಥ, ಅನುದಾನಕ್ಕೆ ಒತ್ತಾಯ." ಸೈಕಲ್ ಪರವಾಗಿ ಕೊನೆಗೂ ಯಾರೋ ಬಾಯಿ ಬಿಟ್ಟರಲ್ಲ ಅಂತ ಖುಷಿಯಾಗಿ ಝೂಮ್ ಮಾಡಿ ಓದಿದೆ. ಖುಷಿ ಎರಡನೇ ಪ್ಯಾರಾ ದಾಟಲಿಲ್ಲ.

ಮಾಲಿನ್ಯದ ಬಗ್ಗೆ ಒಂದು ಪ್ಯಾರಾ, ಆರೋಗ್ಯದ ಬಗ್ಗೆ ಒಂದು, ನೆದರ್ಲೆಂಡ್ಸ್ ಬಗ್ಗೆ ಒಂದು. ಕೊನೆಯಲ್ಲಿ "ಕೂಡಲೇ ಸೂಕ್ತ ಅನುದಾನ ಬಿಡುಗಡೆ ಮಾಡಬೇಕಾಗಿ ಕೋರುತ್ತೇವೆ". ಯಾವ ರಸ್ತೆ? ಬರೆದಿಲ್ಲ. ಎಷ್ಟು ಉದ್ದ? ಬರೆದಿಲ್ಲ. ರಸ್ತೆ ಯಾರ ಸುಪರ್ದಿಯಲ್ಲಿದೆ? ಅದೂ ಇಲ್ಲ. ಎಷ್ಟು ಹಣ? "ಸೂಕ್ತ". ಸೂಕ್ತ ಅನ್ನೋ ಅಂಕಿ ಲೋಕೋಪಯೋಗಿ ಇಲಾಖೆಯ ಯಾವ ದರಪಟ್ಟಿಯಲ್ಲೂ ಸಿಗಲ್ಲ ಸ್ವಾಮಿ.

ಇಂಥ ಹಾಳೆಯ ಮೇಲೆ "ಪರಿಶೀಲಿಸಿ ಕ್ರಮ ವಹಿಸಿ" ಅಂತ ಷರಾ ಬೀಳುತ್ತೆ. ಟಪಾಲಿನಲ್ಲಿ ನಂಬರು ಬಿದ್ದು ಎಂಜಿನಿಯರಿಂಗ್ ಶಾಖೆಗೆ ಬರುತ್ತೆ. ಅಲ್ಲಿ ಕಿರಿಯ ಎಂಜಿನಿಯರ್ ಅದನ್ನ ತಗೊಂಡು ಏನು ಮಾಡಬೇಕು? ಅಳತೆ ಹಿಡಿಯೋಕೆ ರಸ್ತೆಯ ಹೆಸರಾದರೂ ಬೇಡವಾ? ಆಮೇಲೆ "ಅಧಿಕಾರಿಗಳು ಸ್ಪಂದಿಸಲಿಲ್ಲ" ಅಂತ ಇನ್ನೊಂದು ಫೋಟೊ. ಆಗಲೂ ಹದಿನಾಲ್ಕು ಕೈ.

ಹಣವೇ ಇಲ್ಲ ಅನ್ನೋದು ಅರ್ಧ ನಿಜ. ಯಾವ ಬಾಗಿಲು ತೆರೆದಿದೆ, ಯಾವುದು ಮುಚ್ಚಿದೆ ಅಂತ ನೋಡದೆ ಮುಚ್ಚಿದ ಬಾಗಿಲನ್ನೇ ಬಡೀತಿದ್ದೀವಿ. ಆ ಮನವಿಯಲ್ಲಿ "ಅಮೃತ್ ಯೋಜನೆಯಡಿ" ಅಂತಲೂ ಇದೆ. ಅಮೃತ್ ಅಂದರೆ ಊರುಗಳ ಮೂಲಸೌಕರ್ಯಕ್ಕೆ ಕೇಂದ್ರ ಹಣ ಕೊಡೋ ಯೋಜನೆ. 2015ರಲ್ಲಿ ಶುರುವಾದ ಮೊದಲ ಅಮೃತ್‌ನಲ್ಲಿ ನಗರ ಸಾರಿಗೆ ಒಂದು ವಿಭಾಗವಾಗಿತ್ತು. ಪಾದಚಾರಿ ಮಾರ್ಗ, ಮೋಟಾರು ರಹಿತ ಸಾರಿಗೆ ಎಲ್ಲಾ ಅದರೊಳಗೆ ಬರ್ತಿತ್ತು, ಹಾಸನವೂ ಪಟ್ಟಿಯಲ್ಲಿತ್ತು. 2021ರ ಅಕ್ಟೋಬರಿನಲ್ಲಿ ಬಂದ ಅಮೃತ್ 2.0 ಇರೋದು ಕುಡಿಯುವ ನೀರು, ಒಳಚರಂಡಿ, ಕೆರೆ, ಉದ್ಯಾನಕ್ಕೆ. ಸಾರಿಗೆಯನ್ನ ಕೈಬಿಟ್ಟಿದ್ದಾರೆ. ಬಾಗಿಲು ತೆರೆದಿದ್ದಾಗ ಯಾರೂ ಹೋಗಲಿಲ್ಲ, ಈಗ ಒದೀತಿದ್ದೀವಿ.

ಇನ್ನು "ಕೇಂದ್ರದ ಸೈಕಲ್ ಚಾಲೆಂಜ್ ಇತ್ತಲ್ಲ" ಅನ್ನೋವ್ರು. 2020ರ ಸೈಕಲ್ಸ್ ಫಾರ್ ಚೇಂಜ್ ಸ್ಮಾರ್ಟ್ ಸಿಟಿಗಳಿಗೆ, ರಾಜಧಾನಿಗಳಿಗೆ, 5 ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆ ಇರೋ ಊರುಗಳಿಗೆ. ಗೆದ್ದ 11 ಊರಿಗೆ ತಲಾ 1 ಕೋಟಿ, ಅದರಲ್ಲಿ ಬೆಂಗಳೂರೂ ಒಂದು. ಹಾಸನ ಈ ಮೂರರಲ್ಲಿ ಯಾವುದೂ ಅಲ್ಲ. ಮೈಸೂರಿನ ಟ್ರಿನ್ ಟ್ರಿನ್ ಉದಾಹರಣೆ ಕೊಡೋವ್ರಿಗೂ ಒಂದು ಮಾತು. 2017ರ ಜೂನ್‌ನಲ್ಲಿ 450 ಸೈಕಲ್, 48 ನಿಲ್ದಾಣಗಳಿಂದ ಶುರುವಾದ ಅದರ ಬೆನ್ನಿಗೆ ವಿಶ್ವಬ್ಯಾಂಕ್ ನೆರವಿನ ಸುಸ್ಥಿರ ನಗರ ಸಾರಿಗೆ ಯೋಜನೆ ಇತ್ತು. ಅದೂ ಅಲ್ಲದೆ ಅದು ಬಾಡಿಗೆ ಸೈಕಲ್ ವ್ಯವಸ್ಥೆ, ರಸ್ತೆ ಕೆಲಸ ಅಲ್ಲ.

ಹಾಗಾದರೆ ನಮಗೆ ಉಳಿದಿರೋದು ಏನು? ಹಣಕಾಸು ಆಯೋಗದ ಅನುದಾನದಲ್ಲಿ ಷರತ್ತಿಲ್ಲದ ಪಾಲು. 2021–26ರ ಅವಧಿಯಲ್ಲಿ ನಮ್ಮಂಥ ಊರುಗಳಿಗೆ ಅದು ಶೇ 40 ಇತ್ತು, ಉಳಿದ ಶೇ 60 ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಹಾಕಿದ್ದು. ಎಸ್‌ಎಫ್‌ಸಿ (ರಾಜ್ಯ ಹಣಕಾಸು ಆಯೋಗ) ಅನುದಾನ ಇದೆ, ರಾಜ್ಯ ಸರ್ಕಾರದ ನಗರೋತ್ಥಾನ ಯೋಜನೆ ಇದೆ, ಊರಿನ ಸ್ವಂತ ನಿಧಿ ಇದೆ. ಸಂಸದರಿಗೆ ವರ್ಷಕ್ಕೆ 5 ಕೋಟಿ, ಶಾಸಕರಿಗೆ 2 ಕೋಟಿಯ ಸ್ಥಳೀಯ ಅಭಿವೃದ್ಧಿ ನಿಧಿ. ಬೆಂಗಳೂರಿನ ನಗರ ಭೂ ಸಾರಿಗೆ ನಿರ್ದೇಶನಾಲಯ ಇರೋದೇ ಇಂಥ ಕೆಲಸಕ್ಕೆ. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಬೇರೆ: 2013ರ ಕಂಪನಿ ಕಾಯ್ದೆ ಪ್ರಕಾರ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2. ಆದರೆ ಸಂಘ ಸಂಸ್ಥೆ ಮೂಲಕ ಮಾಡಿಸೋದಾದರೆ ಆ ಸಂಸ್ಥೆ ಸಿಎಸ್‌ಆರ್-1 ನೋಂದಣಿ ಮಾಡಿಸಿರಬೇಕು. ಅದಿಲ್ಲದೆ ಕಂಪನಿಯ ಬಾಗಿಲಲ್ಲಿ ಕೂತರೆ ಸಿಗೋದು ಕಾಫಿ, ಬಿಸ್ಕತ್ತು.

ಈ ಪ್ರತಿ ಬಾಗಿಲಲ್ಲೂ ಕೇಳೋ ಮೊದಲ ಪ್ರಶ್ನೆ ಒಂದೇ. ಎಸ್ಟಿಮೇಟ್ ಎಲ್ಲಿ?

ಮತ್ತೆ ಮತ್ತೆ ಅದನ್ನೇ ಹೇಳ್ತಿದ್ದೀನಿ ಅಂತ ಗೊತ್ತು. ಹೇಳ್ತೀನಿ. ಮನವಿ ಬೇರೆ, ಅಂದಾಜು ಪಟ್ಟಿ ಬೇರೆ.

ಅಂದಾಜಿಗೂ ಮೊದಲು ಎಣಿಕೆ. ಅದಕ್ಕೆ ಖರ್ಚಾಗೋದು ಒಂದು ಪ್ಯಾಡು, ಒಂದು ಪೆನ್ನು. ಸಾಲಗಾಮೆ ರಸ್ತೆಯಲ್ಲಿ ಎಂಜಿನಿಯರಿಂಗ್ ಕಾಲೇಜಿನ ಕಡೆಗೆ ಒಬ್ಬರು, ಎನ್.ಆರ್. ವೃತ್ತದಲ್ಲಿ ಇಬ್ಬರು, ಬಿ.ಎಂ. ರಸ್ತೆಯಲ್ಲಿ ಒಬ್ಬರು, ರೈಲ್ವೆ ಸ್ಟೇಷನ್ ಹತ್ತಿರ ಒಬ್ಬರು. ಬೆಳಿಗ್ಗೆ 7ರಿಂದ 10, ಸಂಜೆ 3.30ರಿಂದ 6.30, ಹದಿನೈದು ನಿಮಿಷಕ್ಕೊಂದು ಸಾಲು. ಸಾಲಿನಲ್ಲಿ ಬರೀ ಒಟ್ಟು ಸಂಖ್ಯೆ ಬರೀಬೇಡಿ. ಶಾಲಾ ಮಕ್ಕಳು, ಹೆಂಗಸರು, ಕ್ಯಾನು ಮೂಟೆ ಕಟ್ಟಿಕೊಂಡವರು, ಎದುರು ದಿಕ್ಕಿನಲ್ಲಿ ಬಂದವರು, ಫುಟ್‌ಪಾತ್ ಹತ್ತಿದವರು ಅಂತ ಬೇರೆ ಬೇರೆ ಗೀಟು. ಎದುರು ದಿಕ್ಕಿನವರ ಗೀಟೇ ಮುಖ್ಯ, ರಸ್ತೆ ದಾಟೋಕೆ ಜಾಗ ಎಲ್ಲಿಲ್ಲ ಅಂತ ಅದು ಹೇಳುತ್ತೆ. ಎರಡು ಸಾಮಾನ್ಯ ದಿನ, ಒಂದು ಸಂತೆ ದಿನ ಸಾಕು. ಬೇಸಿಗೆ ರಜೆಯಲ್ಲಿ ಎಣಿಸಬೇಡಿ. ಹಾಸನಾಂಬೆ ಬಾಗಿಲು ತೆಗೆದ ದಿನಗಳಲ್ಲಂತೂ ಬೇಡವೇ ಬೇಡ, ಬ್ಯಾರಿಕೇಡ್ ಸಂದಿಯಲ್ಲಿ ಎಣಿಸಿದ ಲೆಕ್ಕಕ್ಕೆ ಅರ್ಥ ಇಲ್ಲ.

ನೀವು ಎಣಿಸದಿದ್ದರೆ ಬೇರೆಯವರ ಲೆಕ್ಕವೇ ನಿಲ್ಲುತ್ತೆ. ರಸ್ತೆ ಎಂಜಿನಿಯರುಗಳು ವಾಹನಗಳನ್ನೆಲ್ಲ ಕಾರಿನ ಲೆಕ್ಕಕ್ಕೆ ಇಳಿಸ್ತಾರೆ; ಅವರ ಮಾರ್ಗಸೂಚಿ ಐಆರ್‌ಸಿ 106ರ (ಇಂಡಿಯನ್ ರೋಡ್ಸ್ ಕಾಂಗ್ರೆಸ್) ಪ್ರಕಾರ ಒಂದು ಸೈಕಲ್ ಅಂದರೆ 0.4ರಿಂದ 0.5 ಕಾರು. ವರದಿಯ ಕೊನೆಯ ಸಾಲಿಗೆ ಬರೋ ಹೊತ್ತಿಗೆ ಸ್ಲೇಟು ಚೀಲ ಹೊತ್ತ ಹುಡುಗಿ ಅರ್ಧ ಕಾರಾಗಿ ಕರಗಿಹೋಗಿರ್ತಾಳೆ.

"ಈಗ ಸೈಕಲ್ ಹೊಡೆಯೋರು ಯಾರ್ರೀ, ಎಲ್ಲಾ ಸ್ಕೂಟಿ" ಅಂತ ಒಬ್ಬ ಗೆಳೆಯರು ಬರೀತಾರೆ, ಖಂಡಿತ. ಈ ಸರ್ಕಾರಗಳು 2006-07ರಿಂದ ವರ್ಷಗಟ್ಟಲೆ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಹಂಚಿದ್ದು ಗೋಡೆಗೆ ನೇತುಹಾಕೋಕಾ? ಬೆಳಿಗ್ಗೆ ಏಳಕ್ಕೆ ಗಾರೆ ಕೆಲಸಕ್ಕೆ ಹೊರಟವನ ಸೈಕಲ್ಲು ನಿಮ್ಮ ಕಾರಿನ ಕನ್ನಡಿಗೆ ಬೀಳಲ್ಲ, ಅಷ್ಟೆ. ಭಾನುವಾರ ಹೆಲ್ಮೆಟ್ ಹಾಕಿ ಶೆಟ್ಟಿಹಳ್ಳಿ ಚರ್ಚಿನ ಮುಂದೆ ಫೋಟೊ ತೆಗೆಸಿಕೊಳ್ಳೋವ್ರಿಗೆ ಪಥ ಇಲ್ಲದಿದ್ದರೂ ನಡೆಯುತ್ತೆ. ನಡೆಯದೇ ಇರೋನು ಮನವಿ ಕೊಡೋಕೆ ಬರಲ್ಲ, ಅವನಿಗೆ ಅರ್ಧ ದಿನದ ಕೂಲಿ ಹೋಗುತ್ತೆ.

ಸರಿ, ಎಣಿಕೆ ಬಂತು ಅನ್ಕೊಳ್ಳಿ. ಏನನ್ನ ಕೇಳ್ತೀರಿ? ಇಲ್ಲೇ ಎಲ್ಲರೂ ಹಸಿರು ಬಣ್ಣಕ್ಕೆ ಬೀಳೋದು. (ನಾನೂ ಬೇರೆ ಊರಿನ ಹಸಿರು ಪಟ್ಟಿ ನೋಡಿ ಚಪ್ಪಾಳೆ ತಟ್ಟಿದವನೇ. ಒಪ್ಕೋತೀನಿ.) ಲೆಕ್ಕ ಹಾಕಿ: 1 ಕಿಲೋಮೀಟರ್, 2 ಮೀಟರ್ ಅಗಲ, ಎರಡೂ ಬದಿ ಅಂದರೆ 4,000 ಚದರ ಮೀಟರ್ ಬಣ್ಣ. ಮಳೆಗಾಲದಲ್ಲಿ ಜಾರದ ಹಾಗೆ ಒರಟು ಪುಡಿ ಸೇರಿಸಿದ ಬಣ್ಣವೇ ಆಗಬೇಕು, ಇಲ್ಲದಿದ್ದರೆ ಬ್ರೇಕ್ ಹಿಡಿದವನು ಸೀದಾ ಚರಂಡಿಗೆ. ಅಷ್ಟು ಬಳಿದ ಮೇಲೆ ಅದರ ಮೇಲೆ ನಿಲ್ಲೋದು ಕಾರು. ಬದಲಿಗೆ ಅಡ್ಡರಸ್ತೆ ಬಂದು ಸೇರೋ ಬಾಯಿಗಳಲ್ಲಿ ಮಾತ್ರ 2 ಮೀಟರ್ ಅಗಲ, 6 ಮೀಟರ್ ಉದ್ದ ಬಳಿಯಿರಿ. ಇಪ್ಪತ್ತು ಬಾಯಿಗೆ 240 ಚದರ ಮೀಟರ್. ಗುದ್ದಾಟ ಆಗೋ ಜಾಗವೂ ಅದೇ.

ಅದಕ್ಕೂ ಮೊದಲು ಚರಂಡಿ ಜಾಲರಿ. ಸರಳುಗಳು ರಸ್ತೆಯ ಉದ್ದಕ್ಕೆ ಇದ್ದರೆ ಸೈಕಲ್ ಚಕ್ರ ಸೀದಾ ಒಳಗೆ. ತೆಳು ಟೈರು 25 ಮಿಲಿಮೀಟರ್ ಆಸುಪಾಸು, ಹಳೇ ಕಬ್ಬಿಣದ ಸೈಕಲ್ಲಿನದು 40ರ ಹತ್ತಿರ. ಸಂದಿ ಅದಕ್ಕಿಂತ ಅಗಲ ಇದ್ದರೆ ಕಥೆ ಮುಗೀತು. ಚೌಕ ಜಾಲರಿ ಆದರೆ ಎತ್ತಿ ಅಡ್ಡ ತಿರುಗಿಸಿ ಇಟ್ಟರೆ ಆಯ್ತು, ಖರ್ಚೇ ಇಲ್ಲ. ಆಯತ ಆದರೆ 100–150 ಮಿಲಿಮೀಟರ್‌ಗೆ ಒಂದರಂತೆ ಅಡ್ಡ ಪಟ್ಟಿ ವೆಲ್ಡ್ ಮಾಡಿಸಬೇಕು. ವೆಲ್ಡಿಂಗ್ ಅಂಗಡಿಯವನ ಒಂದು ದಿನದ ಕೆಲಸವನ್ನ ಯಾವ ಮನವಿಯಲ್ಲೂ ಕಂಡಿಲ್ಲ. ಅದಕ್ಕೆ ರಿಬ್ಬನ್ ಕಟ್ಟೋಕಾಗಲ್ಲವಲ್ಲ.

ಆಮೇಲೆ ಸ್ಟ್ಯಾಂಡು. ಮುಂದಿನ ಚಕ್ರ ತೂರಿಸೋ ಸಂದಿ ಸ್ಟ್ಯಾಂಡು ದಯವಿಟ್ಟು ಬೇಡ. ಪಕ್ಕದ ಸೈಕಲ್ ಬಿದ್ದರೆ ರಿಮ್ಮು ಬಾಗುತ್ತೆ, ಕಡ್ಡಿ ಮುರಿಯುತ್ತೆ, ಫ್ರೇಮಿಗೆ ಬೀಗ ಹಾಕೋಕಾಗಲ್ಲ. ತಲೆಕೆಳಗಾದ ಯು ಆಕಾರದ ಪೈಪು ಸಾಕು. 40 ಎಂ.ಎಂ. ಬಿ ಕ್ಲಾಸ್ ಜಿ.ಐ. ಪೈಪು, ನೆಲದ ಮೇಲೆ 80 ಸೆಂ.ಮೀ., ಒಳಗೆ 30, ಅಗಲ 75. ಒಂದಕ್ಕೆ ಹತ್ತಿರ ಹತ್ತಿರ 3 ಮೀಟರ್ ಪೈಪು, ತೂಕ ಸುಮಾರು 11 ಕೆ.ಜಿ. ಅಂಗಡಿಯಲ್ಲಿ ಸಿಗೋ 6 ಮೀಟರ್ ಉದ್ದದಲ್ಲಿ ಎರಡು ಸ್ಟ್ಯಾಂಡು, ಅಂದರೆ ನಾಲ್ಕು ಸೈಕಲ್ಲಿಗೆ ಜಾಗ. ನೂರು ಸೈಕಲ್ಲಿಗೆ ಅಂಥ 25 ಪೈಪು, 50 ಸ್ಟ್ಯಾಂಡು. ಒಂದೊಂದು ಕಾಲಿಗೆ 30×30×40 ಸೆಂ.ಮೀ. ಗುಂಡಿ, ನೂರು ಗುಂಡಿಗೆ 3.6 ಘನ ಮೀಟರ್ ಕಾಂಕ್ರೀಟು. ಒಂದಕ್ಕೊಂದಕ್ಕೆ 1 ಮೀಟರ್ ಅಂತರ, ಗೋಡೆಯಿಂದ 60 ಸೆಂ.ಮೀ. ದೂರ. ಕಾಲಿನ ತುದಿಗೆ ಒಂದು ಅಡ್ಡ ಸರಳು ವೆಲ್ಡ್ ಮಾಡಿಸಿ, ಇಲ್ಲದಿದ್ದರೆ ಅಲ್ಲಾಡಿಸಿ ಅಲ್ಲಾಡಿಸಿ ಕಿತ್ತುಬಿಡ್ತಾರೆ. ಇಂಟರ್‌ಲಾಕ್ ಟೈಲ್ಸ್ ಮೇಲೆ ಬೋಲ್ಟ್ ಹಾಕಿ ನಿಲ್ಲಿಸಿದ್ದು ಗುಜರಿಗೆ ಹೋಗೋಕೆ ಒಂದು ಸ್ಪ್ಯಾನರ್ ಸಾಕು.

ಟೈಲ್ಸ್ ವಿಷಯಕ್ಕೆ ಬಂದರೆ, ಸೈಕಲ್ ಓಡೋ ಜಾಗಕ್ಕೆ ಡಾಂಬರೋ ಕಾಂಕ್ರೀಟೋ ಒಳ್ಳೇದು. ಟೈಲ್ಸೇ ಬೇಕು ಅಂತ ಹಟ ಇದ್ದರೆ, ಕಾರು ಹತ್ತೋ ಕಡೆ 60 ಎಂ.ಎಂ. ಬೇಡ, 80 ಬರೆಸಿ. ತಳ ದಿಮ್ಮಿಸಬೇಕು, ಅಂಚಿಗೆ ಕಲ್ಲು ಕೂರಿಸಬೇಕು. ಅಂಚಿನ ಕಲ್ಲಿಲ್ಲದ ಟೈಲ್ಸು ಎರಡನೇ ಮಳೆಗೆ ಬಾಯಿ ಬಿಡುತ್ತೆ. ಫುಟ್‌ಪಾತ್ 150 ಎಂ.ಎಂ. ಎತ್ತರ ಇದ್ದರೆ ಇಳಿಜಾರು 12ಕ್ಕೆ 1ರಂತೆ 1.8 ಮೀಟರ್ ಉದ್ದ ಬೇಕು. ಅರ್ಧ ಮೀಟರಿನಲ್ಲಿ ಮುಗಿಸಿದ್ದು ಇಳಿಜಾರಲ್ಲ, ಜಾರುಬಂಡೆ. ಕಾರು ತಡೆಯೋ ಕಂಬಗಳ ನಡುವೆ 1.2 ಮೀಟರ್ ಬಿಡಿ, ಗಾಲಿಕುರ್ಚಿ ಹೋಗಬೇಕು. ಸ್ಕೂಟರೂ ಹೋಗುತ್ತೆ, ಅದನ್ನ ಯಾವ ಕಂಬವೂ ತಡೆಯಲ್ಲ. ಪೊಲೀಸರ ಕೆಲಸವನ್ನ ಕಾಂಕ್ರೀಟಿನಿಂದ ಮಾಡಿಸೋಕಾಗಲ್ಲ.

ಈಗ ಹಣದ ಕಾಲಂ. ಅಳತೆಯನ್ನ ಚಾಲ್ತಿ ಎಸ್.ಆರ್. (ಇಲಾಖೆಯ ದರಪಟ್ಟಿ) ದರಕ್ಕೆ ಗುಣಿಸಿ ನಿಲ್ಲಿಸಬೇಡಿ. ಕಾಮಗಾರಿಗೆ ಜಿಎಸ್‌ಟಿ 2022ರ ಜುಲೈನಿಂದ ಶೇ 18. ಕಾರ್ಮಿಕರ ಸೆಸ್ ಶೇ 1. ಕರೆಂಟ್ ಕಂಬ ಅಡ್ಡ ಇದ್ದರೆ ಸ್ಥಳಾಂತರದ ಖರ್ಚು, ಅದನ್ನ ವಿದ್ಯುತ್ ಕಂಪನಿ ಸೆಸ್ಕ್‌ಗೆ ಮೊದಲೇ ಕಟ್ಟಬೇಕು. ಇವನ್ನ ಮರೆತರೆ ಪರಿಷ್ಕೃತ ಅಂದಾಜು, ಮತ್ತೆ ಎಲ್ಲಾ ಸಹಿ ಮೊದಲಿಂದ. ಕಂಬ ತೆಗೆಯದೆ ಪಥ ಮುಗಿಸಿದರೆ ಪಥದ ನಟ್ಟನಡುವೆ ಟ್ರಾನ್ಸ್‌ಫಾರ್ಮರ್ ನಿಂತಿರುತ್ತೆ, ಬಿಲ್ ಮಾತ್ರ ಪಾಸಾಗಿರುತ್ತೆ.

ರಸ್ತೆ ಯಾರದು ಅನ್ನೋದು ಎಲ್ಲಕ್ಕಿಂತ ಮೊದಲು. ಲೋಕೋಪಯೋಗಿ ಇಲಾಖೆಯದೋ ಹೆದ್ದಾರಿಯವರದೋ ಆದರೆ ಅವರ ನಿರಾಕ್ಷೇಪಣಾ ಪತ್ರ ಕಡತದಲ್ಲಿರಬೇಕು. ಆಮೇಲೆ ಕ್ರಿಯಾ ಯೋಜನೆಗೆ ಸೇರ್ಪಡೆ, ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್. ಮಾರ್ಚ್ ಕೊನೆಗೆ ಮನವಿ ಕೊಟ್ಟು ಏಪ್ರಿಲ್‌ನಲ್ಲಿ ಕೆಲಸ ಕಾಣಬೇಕು ಅಂದರೆ ಆಗಲ್ಲ. ಆಯವ್ಯಯದ ಪೂರ್ವಭಾವಿ ಸಭೆ ಅಷ್ಟು ಹೊತ್ತಿಗೆ ಮುಗಿದಿರುತ್ತೆ. ಆ ಸಭೆಗೆ ಎಷ್ಟು ಜನ ಹೋಗಿದ್ರಿ ಅಂತ ಕೇಳಿದರೆ ಫೋಟೊದಲ್ಲಿರೋವ್ರು ಬೇಜಾರು ಮಾಡ್ಕೋತಾರೆ. ಮಾಡ್ಕೊಳ್ಳಿ.

ಆ ಫೋಟೊದ ಹಿಂಬದಿ ನೋಡಿ. ಬಲಗಡೆ ತುದಿಯಲ್ಲಿ, ಕಾಂಪೌಂಡಿನ ಗೇಟಿನ ಸರಳಿಗೆ ಚೈನು ಸುತ್ತಿ ಒರಗಿಸಿದ ಒಂದು ಹಳೇ ಸೈಕಲ್ಲು. ಕ್ಯಾರಿಯರಿನಲ್ಲಿ ಟಿಫನ್ ಡಬ್ಬಿ, ಸೀಟಿಗೆ ಪ್ಲಾಸ್ಟಿಕ್ ಕವರು. ನಿಲ್ಲಿಸೋಕೆ ಜಾಗ ಇಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿರಲಿಲ್ಲ. ಮನವಿಗೆ ಆ ಚಿತ್ರವನ್ನೇ ಲಗತ್ತಿಸಬಹುದಿತ್ತು. ಯಾರಿಗೂ ಕಾಣಲಿಲ್ಲ, ಎಲ್ಲರೂ ಕ್ಯಾಮೆರಾ ನೋಡ್ತಿದ್ದರು.

ಮುಂದಿನ ಬುಧವಾರ ಬೆಳಿಗ್ಗೆ ಏಳಕ್ಕೆ ಎನ್.ಆರ್. ವೃತ್ತದಿಂದ ಎಣಿಕೆ ಶುರು. ಗೀಟು ಹಾಕೋ ಹಾಳೆ ಸಿದ್ಧ ಇದೆ, ಐದು ಜನ ಬೇಕು. ಪೆನ್ನು, ರಟ್ಟಿನ ಪ್ಯಾಡು, ಜಾಲರಿ ಸಂದಿ ಅಳೆಯೋಕೆ ಒಂದು ಟೇಪು ತನ್ನಿ. ಶಾಲು ಬೇಡ.