ಇನ್ನೊಂದು ಅರ್ಧ ಗಂಟೆ, ಸರ್

2025ರ ಡಿಸೆಂಬರ್‌ನಲ್ಲಿ ನಮ್ಮ ಹುಬ್ಬಳ್ಳಿ ದೇಶಕ್ಕೇ ಒಂದು ಹೊಸ ಪದ್ಧತಿ ಹಾಕಿಕೊಟ್ಟಿತು. ಮದುಮಕ್ಕಳಿಲ್ಲದ ಆರತಕ್ಷತೆ. ವಿಮಾನ ರದ್ದಾಗಿ ಜೋಡಿ ಭುವನೇಶ್ವರದಲ್ಲೇ ಉಳಿಯಿತು. ನೆಂಟರಿಷ್ಟರು ಇಲ್ಲಿ ಪರದೆ ನೋಡಿ ಅಕ್ಷತೆ ಹಾಕಿದಷ್ಟು ಖುಷಿಪಟ್ಟು ಊಟ ಮಾಡಿ ಹೋದರು. ನೀವೆಲ್ಲ ಓದಿದ ಸುದ್ದಿಯೇ. ಆ ವಾರ ದೇಶದಲ್ಲಿ ಸಾವಿರಾರು ವಿಮಾನ ರದ್ದಾದವು. ಕಾರಣ ಏನಪ್ಪಾ ಅಂದರೆ ಪೈಲಟ್‌ಗಳಿಗೆ ನಿದ್ದೆ ಬೇಕಂತೆ! ವಾರಕ್ಕೆ 36 ಗಂಟೆ ಇದ್ದ ವಿಶ್ರಾಂತಿಯನ್ನು 48 ಗಂಟೆ ಮಾಡಿದ್ದರು. ಈ ನಿಯಮ ಹೊರಟಿದ್ದು 2024ರ ಜನವರಿಯಲ್ಲಿ. ಪೈಲಟ್‌ಗಳು ಸಾಲುವುದಿಲ್ಲ ಅಂತ ವಿಮಾನ ಕಂಪನಿಗೆ ಗೊತ್ತಾಗಿದ್ದು 2025ರ ಡಿಸೆಂಬರ್‌ನಲ್ಲಿ. ಎರಡು ವರ್ಷ ಪುಸ್ತಕ ಮುಟ್ಟದ ಹುಡುಗನಿಗೋಸ್ಕರ ಪರೀಕ್ಷೆಯನ್ನೇ ಮುಂದೂಡಿದ ಹಾಗೆ, ಸರ್ಕಾರ ತಾತ್ಕಾಲಿಕ ವಿನಾಯಿತಿ ಕೊಟ್ಟು ಬೆನ್ನು ತಟ್ಟಿತು.

ಅದೆಲ್ಲ ಮುಗಿದ ಕತೆ, ಈಗ ಎಲ್ಲ ಸರಿಯಾಗಿದೆ ಅನ್ನುತ್ತಾರೆ. ಸರಿಯಾಗಿದೆ ಅಂದರೆ ಹೇಗೆ ಅಂತ ಮೊನ್ನೆ ನೋಡಿಕೊಂಡು ಬಂದೆ.

ಮಗಳು ಜರ್ಮನಿಯಲ್ಲಿದ್ದಾಳೆ. ಅವಳ ಕುಬಸ, ಅಂದರೆ ಸೀಮಂತ. ಮದುವೆಯಾಗಿ ಹೋದವಳನ್ನು ನೋಡಲು ನಮಗೆ ಇಷ್ಟು ವರ್ಷ ಆಗಿರಲೇ ಇಲ್ಲ. ವೀಸಾ ಸಿಕ್ಕಿತು. ವೀಸಾಕ್ಕೆ 30,000 ಯೂರೊ ಮೊತ್ತದ ಆರೋಗ್ಯ ವಿಮೆಯೂ ಕಡ್ಡಾಯ, ಅದೂ ಆಯಿತು. ಹುಬ್ಬಳ್ಳಿಯಿಂದ ಸಂಜೆ ಹೊರಟು, ಬೆಂಗಳೂರಿನಲ್ಲಿ ಇಳಿದು, ನಡುರಾತ್ರಿ ದಾಟಿದ ಮೇಲೆ ಫ್ರಾಂಕ್‌ಫರ್ಟ್ ವಿಮಾನ ಹತ್ತುವುದು. ನಡುವೆ ಬೇಕಾದಷ್ಟು ಸಮಯ. ಇಷ್ಟು ಹೊತ್ತು ಅಲ್ಲಿ ಕೂತು ಏನು ಮಾಡೋಣ ಅನ್ನುವುದೇ ನನ್ನ ಹೆಂಡತಿಯ ಚಿಂತೆಯಾಗಿತ್ತು.

ಮೊದಲ ಪೂಜೆ ಲಗೇಜಿಗೆ. ಫ್ರಾಂಕ್‌ಫರ್ಟ್ ವಿಮಾನದಲ್ಲಿ ನಮಗೆ ತಲಾ 23 ಕಿಲೋ. ಹುಬ್ಬಳ್ಳಿಯ ಪುಟ್ಟ ವಿಮಾನದಲ್ಲಿ ತಲಾ 15. ಟಿಕೆಟ್ ಬೇರೆ ಬೇರೆ ಆದ್ದರಿಂದ ಲೆಕ್ಕವೂ ಬೇರೆ. ಅಂದರೆ ಸಮುದ್ರ ದಾಟಲು ಭಾರವಾಗದ ಎಂಟು ಕಿಲೋ, ಹಾವೇರಿ ದಾವಣಗೆರೆ ದಾಟಲು ಭಾರವಾಗುತ್ತದೆ. ದುಡ್ಡು ಕಟ್ಟಿದ ಕೂಡಲೇ ಮತ್ತೆ ಹಗುರವಾಗುತ್ತದೆ. ವಿಜ್ಞಾನ ಓದಿದವರು ಯಾರಾದರೂ ವಿವರಿಸಬೇಕು.

ಆಮೇಲೆ ಕೊಬ್ಬರಿ.

ಉಡಿ ತುಂಬಲು ಕೊಬ್ಬರಿ ಬಟ್ಟಲು ಬೇಕೇ ಬೇಕಲ್ವಾ? ನನ್ನ ಹೆಂಡತಿ ಬಟ್ಟಲುಗಳನ್ನು ಆರಿಸಿ, ಒರೆಸಿ, ಹೊಸ ಖಣದಲ್ಲಿ ಸುತ್ತಿ ಇಟ್ಟಿದ್ದಳು. ಸೂಟ್‌ಕೇಸು ಎಕ್ಸ್‌ರೇ ಯಂತ್ರದೊಳಗೆ ಹೋಯಿತು, ನಮ್ಮ ಹೆಸರು ಕೂಗಿದರು. ವಿಮಾನದ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿ ಕೊಬ್ಬರಿಗೆ ಸ್ವಂತ ನಂಬರ್ ಇದೆ, ಗೊತ್ತಾ? ಯುಎನ್ 1363. ವರ್ಗ 4.2, ತಾನಾಗಿಯೇ ಹೊತ್ತಿಕೊಳ್ಳುವ ಪದಾರ್ಥ. ಎಣ್ಣೆಯಂಶ ಜಾಸ್ತಿ, ರಾಶಿ ಹಾಕಿದರೆ ಒಳಗೊಳಗೇ ಬಿಸಿಯಾಗುತ್ತದೆ, ಹಡಗುಗಳಲ್ಲಿ ಹೊತ್ತಿಕೊಂಡದ್ದೂ ಉಂಟು. ಅದು ನಿಜವೇ, ಅದರ ಬಗ್ಗೆ ತಕರಾರಿಲ್ಲ. ಆದರೂ ತಿಪಟೂರಿನ ಜನರ ಧೈರ್ಯವನ್ನು ಮೆಚ್ಚಬೇಕು. ತಲೆತಲಾಂತರದಿಂದ ಈ ಸ್ಫೋಟಕವನ್ನು ಅಟ್ಟದ ಮೇಲೆ ಇಟ್ಟುಕೊಂಡು ಕೆಳಗೆ ಗೊರಕೆ ಹೊಡೆಯುತ್ತಿದ್ದಾರೆ. ನಮ್ಮ ಸೈನ್ಯಕ್ಕೆ ಇದು ಗೊತ್ತಿದ್ದಂತಿಲ್ಲ.

ಇಡೀ ತೆಂಗಿನಕಾಯಿಯದು ಇನ್ನೊಂದು ಕತೆ. ಅದನ್ನು ಕೈಚೀಲದಲ್ಲಿ ಒಯ್ಯುವಂತಿಲ್ಲ. 2024ರ ಅಕ್ಟೋಬರ್‌ನಲ್ಲಿ ಅಯ್ಯಪ್ಪ ಭಕ್ತರ ಇರುಮುಡಿಗೆ ಮಾತ್ರ ವಿನಾಯಿತಿ ಸಿಕ್ಕಿತು, ಅದೂ ಶಬರಿಮಲೆ ಯಾತ್ರೆ ಮುಗಿಯುವ ತನಕ. ಮಕರಜ್ಯೋತಿ ಕಂಡ ಮೇಲೆ ಕಾಯಿ ಮತ್ತೆ ಅಪಾಯಕಾರಿ. ಕುಬಸಕ್ಕೆ ಅಂಥ ಋತು ಇಲ್ಲವಲ್ಲ. ಬಟ್ಟಲುಗಳನ್ನು ಟ್ರೇಗೆ ಹಾಕಿದೆವು. ಬರಿದಾದ ಖಣವನ್ನು ಮಡಚಿ ವಾಪಸ್ ಕೊಟ್ಟರು. ಅದು ಹೊತ್ತಿಕೊಳ್ಳುವುದಿಲ್ಲವಂತೆ.

ಇಷ್ಟೆಲ್ಲ ಕಟ್ಟುನಿಟ್ಟು ನೋಡಿದ ಮೇಲೆ ವಿಮಾನವೂ ಅಷ್ಟೇ ಕಟ್ಟುನಿಟ್ಟಾಗಿ ಹೊರಡುತ್ತದೆ ಅಂತ ಯಾರಿಗಾದರೂ ಅನ್ನಿಸುತ್ತದೆ. ಹೊರಡುವ ಹೊತ್ತಿಗೆ ಘೋಷಣೆ ಬಂತು. ಕಾರ್ಯಾಚರಣೆಯ ಕಾರಣದಿಂದ ಅರ್ಧ ಗಂಟೆ ತಡ. ಅರ್ಧ ಗಂಟೆ ಕಳೆಯಿತು. ಮತ್ತೆ ಅರ್ಧ ಗಂಟೆ. ಕೌಂಟರಿನ ಹುಡುಗಿ ಒಳ್ಳೆಯವಳು, ಪ್ರತಿ ಸಲವೂ ಅದೇ ನಗು. ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗ ಮೊಬೈಲ್ ತಿರುಗಿಸಿ ತೋರಿಸಿದ. ‘ಅಂಕಲ್, ನಮ್ಮನ್ನ ಕರ್ಕೊಂಡು ಹೋಗೋ ವಿಮಾನ ಇನ್ನೂ ಬೆಂಗಳೂರಾಗೇ ನಿಂತೈತ್ರೀ. ಅಲ್ಲಿಂದ ಎದ್ದೇ ಇಲ್ಲ.’ ಅದು ಎದ್ದು, ಇಲ್ಲಿಗೆ ಬಂದು, ಜನ ಇಳಿದು, ನಾವು ಹತ್ತಬೇಕು. ಅಷ್ಟಕ್ಕೂ ಅರ್ಧ ಗಂಟೆ!

ಆ ಹುಡುಗನಿಗೆ ಗೊತ್ತಿದ್ದದ್ದು ಕಂಪನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಇಷ್ಟು ತಡ ಅಂತ ಮೊದಲೇ ಹೇಳಿದ್ದರೆ ಕಾರು ಮಾಡಿಕೊಂಡು ಹೊರಡಬಹುದಿತ್ತು. ಓಡಾಡಲು ಹೆದ್ದಾರಿ ಇದೆ, ರಾತ್ರಿ ಪೂರ್ತಿ ಬಸ್ಸು ಇದೆ. ಹೇಳಲಿಲ್ಲ. ವಿಮಾನ ತಡವಾದದ್ದಕ್ಕೆ ನನಗೆ ಸಿಟ್ಟಿಲ್ಲ. ಯಂತ್ರ ಕೆಡುತ್ತದೆ, ಮಂಜು ಬೀಳುತ್ತದೆ, ಪೈಲಟ್‌ಗೆ ನಿದ್ದೆಯೂ ಬೇಕು. ನಿಜ ಗೊತ್ತಿದ್ದೂ ಅಷ್ಟೂ ಜನರನ್ನು ಅರ್ಧರ್ಧ ಗಂಟೆಯ ಸುಳ್ಳಲ್ಲಿ ಕಟ್ಟಿ ಕೂರಿಸಿದರಲ್ಲ, ಅದಕ್ಕೆ ಸಿಟ್ಟು. ನಮ್ಮ ಹಿಂದಿನ ಸಾಲಲ್ಲಿ ಆಪರೇಷನ್ನಿಗೆ ಹೊರಟಿದ್ದ ಅಜ್ಜಿಯೊಬ್ಬರು ಗಾಲಿಕುರ್ಚಿಯಲ್ಲೇ ತಲೆ ವಾಲಿಸಿಕೊಂಡಿದ್ದರು. ಅವರಿಗೂ ಅದೇ ನಗು, ಅದೇ ಅರ್ಧ ಗಂಟೆ.

ನಿಯಮ ಇಲ್ಲವೇ ಅಂದರೆ, ಇದೆ. ವಿಮಾನಯಾನದ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಡಿಜಿಸಿಎ 2010ರಲ್ಲೇ ಮಾಡಿದೆ. ಸಣ್ಣ ದೂರದ ವಿಮಾನ ಎರಡು ಗಂಟೆ ಮೀರಿ ತಡವಾದರೆ ತಿಂಡಿ ಕೊಡಬೇಕು. ಕೊಟ್ಟರು. ಒಂದು ಪೊಟ್ಟಣ, ಒಂದು ಪುಟ್ಟ ಜ್ಯೂಸು. ಆರು ಗಂಟೆ ಮೀರಿದರೆ ಬೇರೆ ವಿಮಾನ ಅಥವಾ ಟಿಕೆಟ್ ದುಡ್ಡು. ಮೊದಲೇ ಹೇಳದೆ ರದ್ದು ಮಾಡಿದರೆ, ಒಂದು ಗಂಟೆಯ ಹಾರಾಟಕ್ಕೆ 5,000 ರೂಪಾಯಿ ಪರಿಹಾರ. ತಾಳಿ, ಖುಷಿಪಡಬೇಡಿ. 5,000 ಅಥವಾ ಮೂಲ ದರ ಮತ್ತು ಇಂಧನ ಶುಲ್ಕ ಸೇರಿದ ಮೊತ್ತ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಅದೂ ಕಂಪನಿಯ ಕೈ ಮೀರಿದ ಕಾರಣ ಇಲ್ಲದಿದ್ದರೆ. ಬರೀ ತಡವಾದರೆ ಪರಿಹಾರದ ಮಾತೇ ಇಲ್ಲ. ಈಗ ಅರ್ಥವಾಯಿತಲ್ಲ, ವಿಮಾನಗಳು ರದ್ದಾಗುವ ಬದಲು ಯಾಕೆ ಎಳೆಯುತ್ತಲೇ ಇರುತ್ತವೆ ಅಂತ?

ನಾವು ಹೋಗಬೇಕಿದ್ದ ಜರ್ಮನಿಯಲ್ಲಿ ವಿಮಾನ ಮೂರು ಗಂಟೆಗಿಂತ ಜಾಸ್ತಿ ತಡವಾಗಿ ತಲುಪಿದರೆ, ಕಂಪನಿಯ ತಪ್ಪಿದ್ದರೆ, ದೂರ ನೋಡಿಕೊಂಡು 250ರಿಂದ 600 ಯೂರೊ ತನಕ ಕೊಡಬೇಕು. ಅಲ್ಲಿಯ ಗಡಿಯಾರಕ್ಕೆ ಬೆಲೆ ಜಾಸ್ತಿ. ನಮ್ಮದು ಹವಾಯಿ ಚಪ್ಪಲಿ ಹಾಕಿದವರೂ ವಿಮಾನ ಹತ್ತಬೇಕು ಅನ್ನುವ ದೊಡ್ಡ ಮನಸ್ಸಿನ ದೇಶ. ಹತ್ತಬೇಕು ಅಂದದ್ದು ನಿಜ, ಯಾವಾಗ ಅಂತ ಯಾರೂ ಹೇಳಿರಲಿಲ್ಲ.

ಬೆಂಗಳೂರಿನಲ್ಲಿ ಇಳಿದಾಗ ಫ್ರಾಂಕ್‌ಫರ್ಟ್ ವಿಮಾನದ ಚೆಕ್-ಇನ್ ಮುಚ್ಚಿತ್ತು. ಸೂಟ್‌ಕೇಸು ಬೆಲ್ಟಿನ ಮೇಲೆ ಇನ್ನೂ ಬಂದೇ ಇರಲಿಲ್ಲ. ಹುಬ್ಬಳ್ಳಿ ಕಂಪನಿಯವರು, ‘ನಿಮ್ಮನ್ನು ಬೆಂಗಳೂರಿಗೆ ತಲುಪಿಸಿದ್ದೇವಲ್ಲ ಸರ್, ಮುಂದಿನದು ನಮಗೆ ಸಂಬಂಧ ಇಲ್ಲ’ ಅಂದರು. ದೊಡ್ಡ ಕಂಪನಿಯವರು, ‘ನೀವು ಬರಲಿಲ್ಲ, ನಮ್ಮ ವಿಮಾನ ಸರಿಯಾದ ಟೈಮಿಗೆ ಹೋಯಿತು’ ಅಂದರು. ಇಬ್ಬರದೂ ಸರಿ. ತಪ್ಪು ಮಾಡಿದವರೇ ಇಲ್ಲ. ನಾವಿಬ್ಬರು ಮಾತ್ರ ಟ್ರಾಲಿ ಹಿಡಿದು ನಿಂತಿದ್ದೆವು. ಆರೋಗ್ಯ ವಿಮೆ ತೆಗೆದು ನೋಡಿದೆ. ಜರ್ಮನಿಯಲ್ಲಿ ಕಾಲು ಮುರಿದುಕೊಂಡರೆ ಪರವಾಗಿಲ್ಲ, ಜರ್ಮನಿ ತಲುಪದಿದ್ದರೆ ಅದರಲ್ಲಿ ಏನೂ ಇಲ್ಲ.

ಮಗಳಿಗೆ ಫೋನ್ ಮಾಡಿದೆವು. ‘ಬೇಕಾದರೆ ನೀವು ವಿಡಿಯೋದಲ್ಲೇ ಉಡಿ ತುಂಬ್ರೀ ಅವ್ವ’ ಅಂತ ನಗಿಸಲು ನೋಡಿದಳು. ಅವ್ವ ನಗಲಿಲ್ಲ.

ಹೊಸ ಟಿಕೆಟ್ ಕೊಂಡೆವು. ಬೆಲೆ ಕೇಳಬೇಡಿ. ಇರಲಿ, ವಾಪಸ್ ಬರುವ ಟಿಕೆಟ್ಟಾದರೂ ಹಳೆಯದರಲ್ಲಿ ಇದೆಯಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ದೊಡ್ಡ ಕಂಪನಿಗೆ ಫೋನ್ ಹಚ್ಚಿದೆ. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಒಬ್ಬರು ಸಿಕ್ಕರು. ಕಂಪ್ಯೂಟರ್ ನೋಡಿ, ಬಹಳ ಮರ್ಯಾದೆಯಿಂದಲೇ ಹೇಳಿದರು:

‘ಅದು ರದ್ದಾಗಿದೆ ಸರ್. ನೀವು ಹೋಗೇ ಇಲ್ಲವಲ್ಲ, ಹಾಗಾಗಿ ವಾಪಸ್ ಬರಲು ಆಗುವುದಿಲ್ಲ.’